ದಾಳಿಂಬೆ ಜ್ಯೂಸ್ ಒಂದು ತಿಂಗಳು, ದಂಟಿನ ಸೊಪ್ಪು ಮೂರು ತಿಂಗಳು

ಮಗಳ ರಕ್ತ ಪರೀಕ್ಷೆಯ ಚೀಟಿಯಲ್ಲಿ ಹಿಮೋಗ್ಲೋಬಿನ್ 9.4 ಅಂತ ಬಂದಿತ್ತು. ಅವಳಿಗೆ ಹದಿನಾರು ತುಂಬಿ ಎರಡು ತಿಂಗಳು, ಮೊದಲ ಪಿಯುಸಿ. ಆ ವಯಸ್ಸಿನ ಹುಡುಗಿಗೆ ಕಡಿಮೆ ಅಂದರೂ 12 ಇರಬೇಕು. ಕಾಲೇಜಿನಿಂದ ಬಂದವಳು ಬ್ಯಾಗನ್ನೂ ಇಳಿಸದೆ ಹಜಾರದ ಚಾಪೆ ಮೇಲೆ ಒರಗಿಬಿಡುತ್ತಿದ್ದಳು. ಓದಿನ ಸುಸ್ತು ಅಂದುಕೊಂಡು ನಾನು ದಿನ ಕಳೆದೆ. ಡಾಕ್ಟರಮ್ಮ ಕಣ್ಣಿನ ಕೆಳರೆಪ್ಪೆ ಎಳೆದು, "ನೋಡಿ, ಒಳಗೆಲ್ಲ ಬಿಳಚಿಕೊಂಡಿದೆ" ಅಂತ ತೋರಿಸಿದಾಗ ನನ್ನ ಕೈಕಾಲು ತಣ್ಣಗಾಯಿತು.

ಕಬ್ಬಿಣದ ಮಾತ್ರೆ ಬರೆದುಕೊಟ್ಟರು. "ಸೊಪ್ಪು, ಕಾಳು ಚೆನ್ನಾಗಿ ಕೊಡಿ" ಅಂದರು. ಹೊರಗೆ ಸಾಲು ಉದ್ದ ಇತ್ತು, ಇನ್ನೇನಾದರೂ ಕೇಳೋಣ ಅನ್ನುವಷ್ಟರಲ್ಲಿ ಮುಂದಿನವರ ಹೆಸರು ಕೂಗಿದರು. ಊರಿಗೆ ಬಂದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು, ದಾಳಿಂಬೆ ಜ್ಯೂಸ್. "ಕೆಂಪಗೈತಲ್ಲವ್ವ, ಕುಡಿದ್ರೆ ರಕ್ತ ಆಯ್ತದೆ" ಅಂದರು ಎದುರುಮನೆ ದೊಡ್ಡವ್ವ. ನಮ್ಮಣ್ಣ ಮಂಡ್ಯದಿಂದ ಬರುವಾಗ ಎರಡು ಪ್ಯಾಕ್ ತಂದೇಬಿಟ್ಟ. ಅಲ್ಲಿಂದ ಒಂದು ತಿಂಗಳು ನಮ್ಮ ಮನೆಯಲ್ಲಿ ಆ ಜ್ಯೂಸಿನದೇ ದರ್ಬಾರು.

ಮಕ್ಕಳಿಗೆ ರಕ್ತ ಕಡಿಮೆ ಅಂತ ಗೊತ್ತಾದ ತಾಯಂದಿರು ಮೊದಲು ಓಡುವುದು ಹಣ್ಣಿನ ಅಂಗಡಿಗೆ. ನಾನೂ ಓಡಿದ್ದೆ. ಅದಕ್ಕೇ ದಾಳಿಂಬೆ ಜ್ಯೂಸು, ದಂಟಿನ ಸೊಪ್ಪು ಈ ಎರಡು ಪದಾರ್ಥದ ಬಗ್ಗೆ, ನಾನು ಕೊಂಡು, ಮಗಳಿಗೆ ಕೊಟ್ಟು, ಲೆಕ್ಕ ಹಾಕಿ ಕಂಡದ್ದನ್ನು ಬರೆಯುತ್ತಿದ್ದೇನೆ.

ಮೊದಲು ಪ್ಯಾಕಿನ ಜ್ಯೂಸ್. ಕಂಪನಿ ಹೆಸರು ಬೇಡ, ಅಂಗಡಿಯಲ್ಲಿ ಸಾಲಾಗಿ ಇಟ್ಟಿರುವ ನಾಲ್ಕೈದರಲ್ಲಿ ಒಂದು. ಒಂದು ಲೀಟರಿಗೆ 125 ರೂಪಾಯಿ. ದಿನಕ್ಕೆ 200 ಮಿಲಿಯ ಒಂದು ಲೋಟದ ಹಾಗೆ ಕೊಟ್ಟರೆ ಐದು ದಿನಕ್ಕೆ ಒಂದು ಪ್ಯಾಕ್, ತಿಂಗಳಿಗೆ ಆರು, 750 ರೂಪಾಯಿ. ರುಚಿ ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ತಣ್ಣಗೆ, ಸಿಹಿಯಾಗಿ, ಕೊನೆಗೆ ನಾಲಿಗೆ ಮೇಲೆ ಒಂದಿಷ್ಟು ಒಗರು. ಮಗಳು ಗೊಣಗದೆ ಕುಡಿದ ಪದಾರ್ಥ ಆ ತಿಂಗಳಲ್ಲಿ ಅದೊಂದೇ.

ನಾನು ನಮ್ಮೂರಿನ ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುವವಳು. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಕ್ಯಾನು ಹಿಡಿದ ಸಾಲು ಎಂಟರವರೆಗೆ ಕರಗುವುದಿಲ್ಲ. ಒಬ್ಬೊಬ್ಬರ ಹಾಲಿಗೂ ಫ್ಯಾಟು (ಜಿಡ್ಡು), ಜಿಡ್ಡು ಬಿಟ್ಟು ಉಳಿದ ಗಟ್ಟಿ ಅಂಶವಾದ ಎಸ್‌ಎನ್‌ಎಫ್ ನೋಡಿ ಬರೆಯಬೇಕು. ಎಲ್ಲರ ಹಾಲೂ ಬೆಳ್ಳಗೇ ಇರುತ್ತದೆ. ಒಬ್ಬರದು ಫ್ಯಾಟು 3.1 ತೋರಿಸುತ್ತದೆ, ಪಕ್ಕದವರದು 4.2. ಕಣ್ಣಿನಲ್ಲಿ ನೋಡಿ ದರ ಕಟ್ಟಿದರೆ ಸಂಘ ಮುಳುಗುತ್ತದೆ ಅಂತ ಹನ್ನೊಂದು ವರ್ಷದಿಂದ ಹೇಳಿಕೊಂಡು ಬಂದವಳು ನಾನು. ಅಂಥ ನಾನೇ ಜ್ಯೂಸಿನ ಕೆಂಪು ನೋಡಿ ಕಬ್ಬಿಣ ಇದೆ ಅಂತ ನಂಬಿದೆನಲ್ಲ ಅನ್ನುವುದು ಒಂದು ದಿನ ಖಾಲಿ ಪ್ಯಾಕ್ ತೊಳೆದು ಒಣಗಿಸುವಾಗ ಹೊಳೆಯಿತು. ಅವತ್ತೇ ಅದರ ಬೆನ್ನು ತಿರುಗಿಸಿ ಓದಿದೆ.

ಮುಂದೆ ಒಡೆದ ದಾಳಿಂಬೆಯ ದೊಡ್ಡ ಚಿತ್ರ, ಉದುರುತ್ತಿರುವ ಕಾಳು. ಹಿಂದೆ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಪದಾರ್ಥಗಳ ಪಟ್ಟಿ: ನೀರು, ಸಕ್ಕರೆ, ದಾಳಿಂಬೆ ಸಾಂದ್ರ (ನೀರು ತೆಗೆದು ಗಟ್ಟಿ ಮಾಡಿದ ರಸ), ಸೇಬಿನ ಸಾಂದ್ರ, ಹುಳಿಗೆ 330 (ಸಿಟ್ರಿಕ್ ಆಮ್ಲ), ಆಮೇಲೆ ಕೆಡದಿರಲು 300, ಸೇರಿಸಿದ ಪರಿಮಳ. ಈ ಪಟ್ಟಿಯಲ್ಲಿ ಯಾವುದು ತೂಕದಲ್ಲಿ ಹೆಚ್ಚೋ ಅದನ್ನೇ ಮೊದಲು ಬರೆಯಬೇಕು ಅನ್ನುವುದು ನಿಯಮ. ಅಂದರೆ ನಾನು ದಾಳಿಂಬೆ ಅಂತ ಕೊಂಡದ್ದರಲ್ಲಿ ನೀರಿನ ನಂತರ ಇದ್ದದ್ದು ಸಕ್ಕರೆ. ಪ್ರತಿ 100 ಮಿಲಿಗೆ ಸಕ್ಕರೆ 13 ಗ್ರಾಂ. ಲೋಟಕ್ಕೆ 26 ಗ್ರಾಂ. ಅಡುಗೆಮನೆಯ ಸಣ್ಣ ತಕ್ಕಡಿ ಮೇಲೆ ಬಟ್ಟಲಿಟ್ಟು ಅಷ್ಟು ಸಕ್ಕರೆ ಸುರಿದು ನೋಡಿದೆ. ಟೀ ಚಮಚದಲ್ಲಿ ಐದು ತುಂಬಿ, ಆರನೆಯದಕ್ಕೂ ಬಂತು. ಮೂವತ್ತು ದಿನಕ್ಕೆ 780 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂಚಿಗಳಲ್ಲಿ ಒಬ್ಬರಿಗೆ ದಿನಕ್ಕೆ ಸಕ್ಕರೆ 25 ಗ್ರಾಂ ದಾಟದಿರಲಿ ಅಂತಿದೆ. ಮಗಳ ಪಾಲಿನದು ಈ ಒಂದು ಲೋಟದಲ್ಲೇ ಮುಗಿದಿತ್ತು, ಬೆಳಗಿನ ಕಾಫಿ ಲೆಕ್ಕಕ್ಕೆ ಹಿಡಿಯುವ ಮೊದಲೇ.

ಆ ಪಟ್ಟಿಯಲ್ಲಿ ಕಬ್ಬಿಣ ಅನ್ನುವ ಸಾಲೇ ಇರಲಿಲ್ಲ. ಹಾಕಲೇಬೇಕು ಅನ್ನುವ ಕಾನೂನೂ ಇಲ್ಲ. ಆದರೆ ಇಲ್ಲದ್ದನ್ನು ಇದೆ ಅಂತ ನಂಬಿಸಲು ಚಿತ್ರವೊಂದೇ ಸಾಕಾಗುತ್ತದೆ ಅನ್ನುವುದು ನನಗೆ ನಿಜಕ್ಕೂ ಬೇಸರ ತಂದಿತು. 2024ರ ಜೂನ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಸಾಂದ್ರಕ್ಕೆ ನೀರು ಬೆರೆಸಿ ಮಾಡಿದ ಜ್ಯೂಸಿನ ಮೇಲೆ ‘ಶೇಕಡಾ 100 ಹಣ್ಣಿನ ರಸ’ ಅಂತ ಹಾಕಬಾರದು ಎಂದು ಆದೇಶ ಹೊರಡಿಸಿದೆ. ಇನ್ನೊಂದು ವಿಷಯ: ‘ಜ್ಯೂಸ್’ ಅನ್ನುವ ಮಾತಿಲ್ಲದೆ ‘ಹಣ್ಣಿನ ಪಾನೀಯ’ ಅಂತ ಇದ್ದರೆ ಅದರಲ್ಲಿ ಹಣ್ಣಿನ ರಸ ಶೇಕಡಾ 10 ಇದ್ದರೂ ಕಾನೂನಿಗೆ ಸಾಕು. ಅಂಗಡಿಯಲ್ಲಿ ಎರಡೂ ಒಂದೇ ಗೂಡಿನಲ್ಲಿ ಇರುತ್ತವೆ.

ನನ್ನ ತಂಗಿಯ ಮಗಳು ಗೃಹವಿಜ್ಞಾನ ಓದುತ್ತಿದ್ದಾಳೆ. ಅವಳನ್ನು ಕೂರಿಸಿಕೊಂಡು ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದಿಂದ ಎರಡು ಸಾಲು ನನ್ನ ಡೈರಿ ಪುಸ್ತಕದ ಕೊನೆಯ ಹಾಳೆಗೆ ಇಳಿಸಿಕೊಂಡೆ. ಅಲ್ಲಿರುವುದು ಸಕ್ಕರೆ ಬೆರೆಸದ ಬಾಟಲಿ ದಾಳಿಂಬೆ ರಸ, ನಾನು ಕೊಂಡದ್ದಕ್ಕಿಂತ ಒಳ್ಳೆಯ ಮಾಲು. ಆದರೂ 100 ಗ್ರಾಂನಲ್ಲಿ ಕಬ್ಬಿಣ 0.1 ಮಿಲಿಗ್ರಾಂ. ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, 11 ಮಿಲಿಗ್ರಾಂ. ವಿಟಮಿನ್ ಸಿ ಇಲ್ಲವೆನ್ನುವಷ್ಟು, 0.1. ಸಕ್ಕರೆ ಮಾತ್ರ ಅದರಲ್ಲೂ 12 ಗ್ರಾಂ ದಾಟುತ್ತದೆ, ಹಣ್ಣಿನದೇ ಸಕ್ಕರೆ.

ಪಕ್ಕದ ಸಾಲು, ಬೇಯಿಸಿ ನೀರು ಬಸಿದ ದಂಟಿನ ಸೊಪ್ಪು. 100 ಗ್ರಾಂನಲ್ಲಿ ಕಬ್ಬಿಣ 2.26 ಮಿಲಿಗ್ರಾಂ. ಸುಣ್ಣ 209. ವಿಟಮಿನ್ ಸಿ ಬೇಯಿಸಿದ ಮೇಲೂ 41. ಪ್ರೋಟೀನ್ 2 ಗ್ರಾಂ. ಶಕ್ತಿ 21 ಕ್ಯಾಲೊರಿ, ಜ್ಯೂಸಿನದು 54. ಪೊಟ್ಯಾಸಿಯಂ ಆದರೂ ಹಣ್ಣಿನ ರಸದಲ್ಲೇ ಹೆಚ್ಚಿರಬಹುದು ಅಂದುಕೊಂಡಿದ್ದೆ. ಅದೂ ಇಲ್ಲ, ರಸದಲ್ಲಿ 214, ಸೊಪ್ಪಿನಲ್ಲಿ 641. ಮಣ್ಣು, ತಳಿ, ಕಿತ್ತು ಎಷ್ಟು ಹೊತ್ತಾಯಿತು ಅನ್ನುವುದರ ಮೇಲೆ ನಮ್ಮ ಸೊಪ್ಪಿನ ಅಂಕಿ ಹಿಂದುಮುಂದಾಗುತ್ತದೆ. ಆದರೆ 0.1ಕ್ಕೂ 2.26ಕ್ಕೂ ನಡುವಿನ ದೂರ ಅಷ್ಟರಿಂದ ಮುಚ್ಚುವಂಥದ್ದಲ್ಲ.

ಪುಸ್ತಕ ಮಡಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಒಂದು ತಿಂಗಳು ದಿನಾ ಲೋಟ ತುಂಬಿಸಿ, ಎದುರಿಗೆ ನಿಂತು ಕುಡಿಸಿದ್ದೆ.

ಕೆಂಪು ಬಣ್ಣದ ಗುಟ್ಟನ್ನೂ ತಂಗಿಯ ಮಗಳೇ ಬಿಡಿಸಿ ಹೇಳಿದಳು. ರಕ್ತ ಕೆಂಪಾಗಿರುವುದು ಹಿಮೋಗ್ಲೋಬಿನ್‌ನಿಂದ, ಅದಕ್ಕೆ ಕಬ್ಬಿಣ ಬೇಕೇ ಬೇಕು. ದಾಳಿಂಬೆ ಕೆಂಪಾಗಿರುವುದು ಆಂಥೋಸಯಾನಿನ್ ಅನ್ನುವ ಬಣ್ಣದಿಂದ, ಅದಕ್ಕೂ ಕಬ್ಬಿಣಕ್ಕೂ ನಂಟಿಲ್ಲ. ನಮ್ಮ ಕೆಂಪು ದಂಟಿನ ಕೆಂಪೂ ಹಾಗೇ, ಬರೀ ಬಣ್ಣ. ಹಸಿರು ದಂಟು ತಂದರೂ ನಷ್ಟವಿಲ್ಲ.

ಇನ್ನು ಸೊಪ್ಪಿನ ಕಥೆ. ಮಂಗಳವಾರ, ಶುಕ್ರವಾರ ಒಬ್ಬ ಅಜ್ಜಿ ತಲೆ ಮೇಲೆ ಮಂಕರಿ ಹೊತ್ತು ನಮ್ಮ ಬೀದಿಗೆ ಬರುತ್ತಾರೆ. ಕೆರೆ ಹಿಂದಿನ ಹತ್ತು ಗುಂಟೆ ತೋಟದ್ದು. ದಂಟು, ಕೀರೆ, ಸಬ್ಬಸಿಗೆ, ಒಮ್ಮೊಮ್ಮೆ ಹೊನಗೊನ್ನೆ, ಮಳೆ ಬಿದ್ದ ವಾರ ಅಣ್ಣೆ ಸೊಪ್ಪು. ಕಟ್ಟಿಗೆ 15 ರೂಪಾಯಿ, ಎರಡು ತಗೊಂಡರೆ 25. ಅವರ ಕಟ್ಟು ಅಂದರೆ ಕಟ್ಟೇ, ಎರಡೂ ಕೈ ಬೇಕು ಹಿಡಿಯಲು. ಬೇರಿನಲ್ಲಿ ಹಸಿ ಮಣ್ಣು ಅಂಟಿರುತ್ತದೆ, ಎಲೆ ಮುರಿದರೆ ಚಟ್ ಅನ್ನುತ್ತದೆ. ಪಟ್ಟಣದ ಅಂಗಡಿಗಳಲ್ಲಿ ನೀರು ಚಿಮುಕಿಸಿ ಚಿಮುಕಿಸಿ ಹೊಳೆಯುವ ಹಾಗೆ ಇಟ್ಟಿರುತ್ತಾರಲ್ಲ, ಆ ಥರ ಅಲ್ಲ. "ಬೆಳಗಾನೆ ಕಿತ್ತುದ್ದು ಕಣವ್ವ, ಮಧ್ಯಾನಕ್ಕೆ ಮಾಡ್ಬುಡು, ನಾಳೀಕೆ ಇಡಬ್ಯಾಡ" ಅಂತ ಪ್ರತಿ ಸಲ ಹೇಳಿಯೇ ಹೋಗುವುದು. ಆ ಮಾತಿನಲ್ಲಿ ತಿರುಳಿದೆ. ಸೊಪ್ಪು ಇಟ್ಟಷ್ಟೂ ಅದರ ವಿಟಮಿನ್ ಸಿ ಕುಂದುತ್ತದೆ.

ಒಂದೇ ತೊಂದರೆ, ಸೋಸುವ ಕೆಲಸ. ಡೈರಿಯಿಂದ ಬಂದು, ಕೂತು, ಕಟ್ಟು ಬಿಚ್ಚಿ, ಹುಳು ತಿಂದ ಎಲೆ ತೆಗೆದು, ದಪ್ಪ ಕಾಂಡದ ನಾರು ಬಿಡಿಸಿ, ಅಗಲ ಬೋಗುಣಿಯಲ್ಲಿ ಮೂರು ನೀರು ತೊಳೆಯಬೇಕು. ಮೊದಲ ನೀರಿನ ತಳದಲ್ಲಿ ಮಣ್ಣು ಗೆರೆ ಕಟ್ಟಿಕೊಂಡು ನಿಲ್ಲುತ್ತದೆ. ಮೂರನೆಯ ನೀರಿಗೆ ಬೋಗುಣಿಯ ತಳ ಕಾಣಿಸಬೇಕು, ಅಲ್ಲಿಯವರೆಗೆ ಬಿಡಬಾರದು. ಇಷ್ಟಕ್ಕೆ ಅರ್ಧ ಗಂಟೆ. ಜ್ಯೂಸಿನ ಪ್ಯಾಕ್ ಗೆಲ್ಲುವುದು ಇಲ್ಲಿ, ಕತ್ತರಿಸಿ ಸುರಿದರೆ ಮುಗಿಯಿತು. ದಣಿದು ಬಂದ ಹೆಂಗಸಿಗೆ ಆ ಅರ್ಧ ಗಂಟೆ ಎಷ್ಟು ದೊಡ್ಡದು ಅಂತ ನನಗೆ ಗೊತ್ತು, ಅದನ್ನು ಹಗುರವಾಗಿ ಹೇಳಲಾರೆ.

ನಮ್ಮ ಕಡೆ ಸೊಪ್ಪು ಅಂದರೆ ಬಸ್ಸಾರು. ಬಸ್ಸಾರಿನ ಬಗ್ಗೆ ನನಗೆ ಈ ಮೂರು ತಿಂಗಳಲ್ಲಿ ಗೌರವ ಹೆಚ್ಚಿತು. ತೊಗರಿಬೇಳೆ ಮುಕ್ಕಾಲು ಬೆಂದಾಗ ಹೆಚ್ಚಿದ ಸೊಪ್ಪು, ಉಪ್ಪು ಹಾಕುತ್ತೇವೆ. ಸೊಪ್ಪು ಕುಗ್ಗಿ, ಕಾಂಡ ಹಿಚುಕಿದರೆ ಮೆತ್ತಗಾಗುವಷ್ಟು ಬೆಂದ ಕೂಡಲೇ ಇಳಿಸಿ, ಪಾತ್ರೆ ಬಾಗಿಸಿ ಕಟ್ಟು, ಅಂದರೆ ಬೇಯಿಸಿದ ನೀರು, ಬಸಿಯುವುದು. ಕೆಂಪು ದಂಟಾದರೆ ಆ ಕಟ್ಟು ಬೀಟ್‌ರೂಟ್ ನೀರಿನ ಹಾಗೆ ಇಳಿಯುತ್ತದೆ. ಬಸಿದ ಬೇಳೆ-ಸೊಪ್ಪಿನಲ್ಲಿ ಒಂದು ಹಿಡಿ ತೆಗೆದು, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಕಾಯಿ, ಸಾರಿನಪುಡಿ, ಒಂದಿಷ್ಟು ಹುಣಸೆಹಣ್ಣಿನ ಜೊತೆ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದದ್ದಕ್ಕೆ ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಒಲೆಯಲ್ಲಿ ಎರಡು ಅಡುಗೆ ಆಗುತ್ತದೆ ಅನ್ನುವುದೊಂದೇ ಅದರ ಅನುಕೂಲ ಅಂದುಕೊಂಡಿದ್ದೆ.

ಸೊಪ್ಪು ಬೇಯಿಸುವಾಗ ವಿಟಮಿನ್ ಸಿ, ಫೋಲೇಟ್ ಇವೆಲ್ಲ ನೀರಿಗೆ ಇಳಿಯುತ್ತವೆ. ಕೋಷ್ಟಕದ ಅಂಕಿ ಆ ನೀರು ಚೆಲ್ಲಿದ ಮೇಲಿನದು. ನಾವು ಆ ನೀರನ್ನು ಚೆಲ್ಲುವುದೇ ಇಲ್ಲ, ಅದೇ ನಮ್ಮ ಸಾರು. ಒಗ್ಗರಣೆಯ ಎಣ್ಣೆಯೂ ದಂಡವಲ್ಲ, ಸೊಪ್ಪಿನ ಕ್ಯಾರೊಟಿನ್ ದೇಹಕ್ಕೆ ಹತ್ತಲು ಜಿಡ್ಡು ಬೇಕು. ನನ್ನ ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಒಮ್ಮೆ ಕಟ್ಟು ಸಿಂಕಿಗೆ ಸುರಿದಿದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದರು. ಅವರು ಸಿಟ್ಟಾದದ್ದರಲ್ಲಿ ತಪ್ಪಿರಲಿಲ್ಲ ಅಂತ ಈಗ ಅವರ ಪಟದ ಮುಂದೆ ದೀಪ ಹಚ್ಚುವಾಗ ಅನ್ನಿಸುತ್ತದೆ.

ಡಾಕ್ಟರಮ್ಮನನ್ನು ಎರಡನೇ ಸಲ ಕಂಡಾಗ ಬರೆದುಕೊಂಡು ಹೋಗಿ ಕೇಳಿದೆ. ಸೊಪ್ಪಿನ ಕಬ್ಬಿಣ ಮಾಂಸದ್ದರ ಹಾಗೆ ಸಲೀಸಾಗಿ ಒಳಗೆ ಹೋಗುವುದಿಲ್ಲ, ಅದಕ್ಕೆ ಜೊತೆಯಲ್ಲಿ ವಿಟಮಿನ್ ಸಿ ಬೇಕು ಅಂದರು. ಅಂದಿನಿಂದ ಪಲ್ಯ ಒಲೆಯಿಂದ ಇಳಿಸಿ ತಟ್ಟೆಗೆ ಬಡಿಸಿದ ಮೇಲೆ ಅರ್ಧ ಹೋಳು ನಿಂಬೆ ಹಿಂಡುತ್ತೇನೆ. ಕುದಿಯುವಾಗ ಹಿಂಡಿದರೆ ಬಿಸಿಗೆ ಅದು ಹಾಳು. ಊಟವಾದ ಮೇಲೆ ಹಿತ್ತಲ ಸೀಬೆಹಣ್ಣು ಒಂದು. ಊಟದ ಹಿಂದೆಯೇ ಕುಡಿಯುತ್ತಿದ್ದ ಕಾಫಿ ನಿಲ್ಲಿಸಿದೆವು, ಕಾಫಿ-ಟೀ ಎರಡೂ ಕಬ್ಬಿಣವನ್ನು ಒಳಗೆ ಸರಿಯಾಗಿ ಹತ್ತಗೊಡುವುದಿಲ್ಲ. ಅದಕ್ಕಿಂತ ದೊಡ್ಡ ತಪ್ಪೊಂದು ನನ್ನಿಂದ ಆಗಿತ್ತು. ಹೊಟ್ಟೆಗೆ ತಂಪಿರಲಿ ಅಂತ ಕಬ್ಬಿಣದ ಮಾತ್ರೆಯನ್ನು ಹಾಲಿನ ಜೊತೆ ಕೊಡುತ್ತಿದ್ದೆ. ಹಾಲಿನ ಸುಣ್ಣದ ಅಂಶ ಕಬ್ಬಿಣಕ್ಕೆ ಅಡ್ಡ ಬರುತ್ತದಂತೆ. ದಿನಕ್ಕೆ ಆರುನೂರು ಲೀಟರ್ ಹಾಲು ಅಳೆಯುವವಳಿಗೆ ಅದು ಗೊತ್ತಿರಲಿಲ್ಲ. ಈಗ ಮಾತ್ರೆ ನಿಂಬೆಹಣ್ಣಿನ ನೀರಿನಲ್ಲಿ, ಹಾಲು ರಾತ್ರಿ ಮಲಗುವಾಗ.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಸೊಪ್ಪು ತಿಂದು ಮಗಳ ರಕ್ತ ಏರಿತು ಅಂತ ನಾನು ಬರೆಯುವುದಿಲ್ಲ, ಯಾರೂ ಹಾಗೆ ಓದಬೇಡಿ. 16ರಿಂದ 18ರ ಹುಡುಗಿಗೆ ದಿನಕ್ಕೆ 32 ಮಿಲಿಗ್ರಾಂ ಕಬ್ಬಿಣ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ. ನಾನು ಬಡಿಸುವ ಸುಮಾರು 150 ಗ್ರಾಂ ಪಲ್ಯದಲ್ಲಿ ಮೂರೂವರೆ ಮಿಲಿಗ್ರಾಂ ಹತ್ತಿರ ಬರುತ್ತದೆ, ಹತ್ತರಲ್ಲಿ ಒಂದು ಪಾಲು. ಉಳಿದದ್ದಕ್ಕೆ ರಾಗಿಮುದ್ದೆ, ಹುರುಳಿಕಾಳು, ಬೇಳೆ, ವಾರಕ್ಕೊಮ್ಮೆ ಬಾಡು ಎಲ್ಲ ಸೇರಬೇಕು. ಕಡಿಮೆಯಾಗಿ ಹೋದ ರಕ್ತವನ್ನು ಮೇಲೆತ್ತಿದ್ದು ಮಾತ್ರೆ. ಹೈಸ್ಕೂಲಿನಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರಲ್ಲ, 60 ಮಿಲಿಗ್ರಾಂ ಕಬ್ಬಿಣದ್ದು, ಅದನ್ನು ಇವಳು ವಾಕರಿಕೆ ಬರುತ್ತದೆ ಅಂತ ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟುಕೊಂಡು ಬರುತ್ತಿದ್ದಳು ಅನ್ನುವುದು ನನಗೆ ತಿಳಿದದ್ದು ಈಗ. ಹಳೇ ಬಾಕ್ಸಿನಲ್ಲಿ ಏಳು ಮಾತ್ರೆ ಸಿಕ್ಕಿದವು. ನಿಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿದ್ದರೆ ಒಮ್ಮೆ ಬ್ಯಾಗ್ ನೋಡಿ, ಬೈಯಬೇಡಿ, ಊಟವಾದ ಮೇಲೆ ನುಂಗಲು ಹೇಳಿ.

ಮೂರು ತಿಂಗಳ ಮೇಲೆ ಮಾಡಿಸಿದ ಪರೀಕ್ಷೆಯಲ್ಲಿ 11.6 ಬಂತು. ಇನ್ನೂ 12 ಮುಟ್ಟಿಲ್ಲ, ಮಾತ್ರೆ ಮುಂದುವರಿದಿದೆ.

ಹಾಗಾದರೆ ದಾಳಿಂಬೆ ಕೆಟ್ಟದ್ದಾ? ಖಂಡಿತ ಅಲ್ಲ. ಅದು ಒಳ್ಳೆಯ ಹಣ್ಣು, ಚಿತ್ರದುರ್ಗ, ವಿಜಯಪುರ, ಬಾಗಲಕೋಟೆ ಕಡೆಯ ರೈತರು ಬೆವರು ಸುರಿಸಿ ಬೆಳೆಯುವುದು. ಬಿಡಿಸಿ ಕಾಳು ತಿಂದರೆ 100 ಗ್ರಾಂಗೆ 4 ಗ್ರಾಂ ನಾರು ಸಿಗುತ್ತದೆ, ವಿಟಮಿನ್ ಸಿ 10 ಮಿಲಿಗ್ರಾಂ. ತಾಲ್ಲೂಕಿನ ಬಸ್‌ಸ್ಟ್ಯಾಂಡ್ ಪಕ್ಕದ ಜ್ಯೂಸ್ ಅಂಗಡಿಯಲ್ಲಿ ನಿಂತು ನೋಡಿದ್ದೇನೆ. ಎರಡು ಹಣ್ಣು, ಐಸು, ಮೂರು ಚಮಚ ಸಕ್ಕರೆ, ಮಿಕ್ಸಿ, ಜರಡಿ. ನಾರೆಲ್ಲ ಜರಡಿಯಲ್ಲಿ ಉಳಿದು ಬಕೆಟ್ಟಿಗೆ ಹೋಯಿತು, ಲೋಟಕ್ಕೆ 70 ರೂಪಾಯಿ. ಸಕ್ಕರೆ ಬೇಡ ಅಂದರೆ ಹಾಕುವುದಿಲ್ಲ, ಅಷ್ಟರಮಟ್ಟಿಗೆ ಪ್ಯಾಕಿಗಿಂತ ಮೇಲು. ಜ್ವರ ಬಂದು ಬಾಯಿ ಕೆಟ್ಟವರಿಗೆ, ಏನೂ ಸೇರದವರಿಗೆ ಒಂದು ಲೋಟ ಜ್ಯೂಸ್ ಆಸರೆಯೇ. ಊಟದ ಜೊತೆಗೇ ಏನಾದರೂ ಕುಡಿಯಬೇಕು ಅಂದರೆ ಕಿತ್ತಳೆ ರಸ ವಾಸಿ, ಅದರಲ್ಲಿ 100 ಗ್ರಾಂಗೆ ವಿಟಮಿನ್ ಸಿ 50 ಮಿಲಿಗ್ರಾಂ ಇರುತ್ತದೆ, ಸೊಪ್ಪಿನ ಕಬ್ಬಿಣಕ್ಕೆ ಜೊತೆಯಾಗುತ್ತದೆ.

ಸೊಪ್ಪೂ ಎಲ್ಲರಿಗೂ ಒಂದೇ ಥರ ಒಗ್ಗುವುದಿಲ್ಲ. ನಮ್ಮ ಮಾವನವರು ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತಗೊಳ್ಳುತ್ತಾರೆ. ಸೊಪ್ಪಿನಲ್ಲಿ ವಿಟಮಿನ್ ಕೆ ಬಹಳ, ಅದು ಆ ಮಾತ್ರೆಗೆ ಎದುರಾಗುತ್ತದೆ. ಡಾಕ್ಟರ್ ಬಿಡಿ ಅಂದಿಲ್ಲ, ಒಂದು ದಿನ ತಟ್ಟೆ ತುಂಬ ಇನ್ನೊಂದು ವಾರ ಏನೂ ಇಲ್ಲ ಅನ್ನುವ ಹಾಗೆ ಮಾಡದೆ ದಿನಾ ಒಂದೇ ಅಳತೆ ಇರಲಿ ಅಂದಿದ್ದಾರೆ. ಮೂತ್ರಪಿಂಡದಲ್ಲಿ ಕಲ್ಲಾದವರು ಪಾಲಕ್, ದಂಟು ತಿನ್ನುವ ಮೊದಲು ಡಾಕ್ಟರನ್ನು ಕೇಳಿಕೊಳ್ಳಬೇಕು, ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಇರುತ್ತದೆ.

ಅಂಕ ಕೊಡಬೇಕಲ್ಲ. ಪ್ಯಾಕಿನ ದಾಳಿಂಬೆ ಜ್ಯೂಸಿಗೆ ರುಚಿಗೆ ಐದರಲ್ಲಿ ನಾಲ್ಕು, ರಕ್ತಕ್ಕೆ ಅಂತ ಕೊಂಡರೆ ಸೊನ್ನೆ. ಅಂಗಡಿಯ ತಾಜಾ ಜ್ಯೂಸಿಗೆ, ಸಕ್ಕರೆ ಇಲ್ಲದೆ, ಎರಡು. ಅಜ್ಜಿಯ ದಂಟಿನ ಸೊಪ್ಪಿಗೆ ನಾಲ್ಕೂವರೆ. ಅರ್ಧ ಕಡಿಮೆ ಮಾಡಿದ್ದು ಬೇಸಿಗೆಯಲ್ಲಿ ಎರಡು ವಾರ ಬರಲೇ ಇಲ್ಲ ಅಂತ. ವಾರಕ್ಕೆ ನಾಲ್ಕು ಕಟ್ಟು, 50 ರೂಪಾಯಿ, ತಿಂಗಳಿಗೆ 200 ಚಿಲ್ಲರೆ, ಐದು ಜನರ ಮನೆಗೆ. ಜ್ಯೂಸಿನ 750 ಒಬ್ಬಳಿಗೇ.

ಹೋದ ಶುಕ್ರವಾರ ಅಜ್ಜಿ ನುಗ್ಗೆಸೊಪ್ಪು ತಂದಿದ್ದರು. ಮಗಳೇ ಮೊರ ತಗೊಂಡು ಜಗಲಿ ಮೇಲೆ ಕೂತು ಎಲೆ ಬಿಡಿಸಿದಳು, ಕಡ್ಡಿ ಸೇರದ ಹಾಗೆ, ಒಂದು ಗಂಟೆ. ಅಜ್ಜಿ ಖಾಲಿ ಮಂಕರಿ ಪಕ್ಕಕ್ಕಿಟ್ಟು ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, "ಈಗ ವಸಿ ಕಳೆ ಬಂದೈತೆ ಕಣವ್ವ" ಅಂದರು. ಮುಂದಿನ ರಕ್ತ ಪರೀಕ್ಷೆ 18ನೇ ತಾರೀಕಿಗಿದೆ.